ಹಳೆಯ ಚೈನ್‌ಸಾ: ರಿಪೇರಿ ಮೊದಲು, ಟ್ಯೂನಿಂಗ್ ಆಮೇಲೆ

ಅರವತ್ತು ವರ್ಷ ಹಳೆಯ ಚೈನ್‌ಸಾ ಸ್ಟಾರ್ಟ್ ಆಗದೆ ಮೂಲೆ ಸೇರಿದ್ದರೆ ಅದರ ಲೋಹ ಸವೆದುಹೋಗಿದೆ ಎಂದೇ ತಿಳಿಯಬೇಕಿಲ್ಲ. ಬಹಳಷ್ಟು ಯಂತ್ರಗಳಲ್ಲಿ ಸಿಲಿಂಡರ್, ಪಿಸ್ಟನ್, ಕ್ರ್ಯಾಂಕ್ ಇನ್ನೂ ದುಡಿಯಬಲ್ಲ ಸ್ಥಿತಿಯಲ್ಲಿರುತ್ತವೆ. ಕೆಟ್ಟಿರುವುದು ಪೆಟ್ರೋಲ್ ಪೈಪಿನ ರಬ್ಬರು, ಕಾರ್ಬೊರೇಟರಿನ ಒಳಗಿನ ತೆಳು ಡಯಾಫ್ರಮ್, ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲು, ಕಿಡಿ ಹುಟ್ಟಿಸುವ ಪಾಯಿಂಟಿನ ಮೇಲೆ ಕೂತ ಕಿಲುಬು. ಎಲ್ಲವೂ ಸಣ್ಣ ಭಾಗಗಳು, ದುಬಾರಿಯವೇನಲ್ಲ. ಇವುಗಳನ್ನು ಸರಿಪಡಿಸದೆ ಕಾರ್ಬೊರೇಟರಿನ ಸ್ಕ್ರೂ ಅತ್ತಿತ್ತ ತಿರುಗಿಸಿ ಹೇಗೋ ಓಡಿಸಲು ಹೊರಟರೆ ಮಾತ್ರ, ಅಷ್ಟು ವರ್ಷ ಉಳಿದು ಬಂದ ಲೋಹ ಕೆಲವೇ ನಿಮಿಷದಲ್ಲಿ ಹಾಳಾಗುತ್ತದೆ. ಈ ಕೆಲಸದ ಜಾಣ್ಮೆಯೆಲ್ಲ ಕ್ರಮದಲ್ಲಿದೆ. ಗಾಳಿ ಸೋರುವುದನ್ನು ನಿಲ್ಲಿಸಬೇಕು, ಕಿಡಿಯೂ ಪೆಟ್ರೋಲೂ ತಪ್ಪದೆ ಸಿಗುವಂತೆ ಮಾಡಬೇಕು, ಟ್ಯೂನಿಂಗಿಗೆ ಕೈ ಹಾಕುವುದು ಕಟ್ಟಕಡೆಗೆ.

ಮೊದಲ ಕಾಲದ ಚೈನ್‌ಸಾಗಳು ಒಬ್ಬನ ಕೈಗೆ ಬಗ್ಗುವಂಥವಾಗಿರಲಿಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ಓಡುವ ಗರಗಸವನ್ನು, 1929ರಲ್ಲಿ ಪೆಟ್ರೋಲ್ ಗರಗಸವನ್ನು ತಂದರು. ಅದೇ ದೇಶದ ಎಮಿಲ್ ಲೆರ್ಪ್ 1927ರಲ್ಲಿ ತಮ್ಮ ಪೆಟ್ರೋಲ್ ಯಂತ್ರವನ್ನು ಥುರಿಂಜಿಯಾದ ಡೋಲ್ಮಾರ್ ಬೆಟ್ಟದಲ್ಲಿ ಪರೀಕ್ಷಿಸಿ, ಬೆಟ್ಟದ ಹೆಸರನ್ನೇ ಕಂಪನಿಗೆ ಇಟ್ಟರು. ಆ ಯಂತ್ರಗಳ ತೂಕ ಐವತ್ತು ಕಿಲೋ ಆಸುಪಾಸು. ಎರಡು ತುದಿಯಲ್ಲಿ ಇಬ್ಬರು ಹಿಡಿದೇ ಮರ ಕೊಯ್ಯಬೇಕಿತ್ತು. ಎರಡನೆಯ ಮಹಾಯುದ್ಧದ ನಂತರ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಎರಕದ ಕೆಲಸ ಸುಧಾರಿಸಿದ ಮೇಲೆ ಭಾರ ಇಳಿಯಿತು. ಅಮೆರಿಕದ ಮೆಕಲಕ್ ಕಂಪನಿ 1949ರಲ್ಲಿ ಹೊರತಂದ 3-25 ಮಾದರಿ ಸುಮಾರು 11 ಕಿಲೋ ತೂಗುತ್ತಿತ್ತು. ಹೋಮ್‌ಲೈಟ್ ಕಂಪನಿಯ ಎಕ್ಸ್‌ಎಲ್-12 ಬರುವಷ್ಟರಲ್ಲಿ, ಅಂದರೆ 1960ರ ದಶಕದ ಆರಂಭದಲ್ಲಿ, ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಮತ್ತು ಚೈನ್ ಬಿಟ್ಟು ಯಂತ್ರದ ತೂಕ 12 ಪೌಂಡ್, ಎಂದರೆ ಐದೂವರೆ ಕಿಲೋಗೆ ಇಳಿದಿತ್ತು. ಸ್ಟೀಲ್ ಕಂಪನಿಯ ಕಾಂಟ್ರಾ 1959ರಲ್ಲಿ ಬಂತು. ಅದರಲ್ಲಿ ಗೇರ್ ಪೆಟ್ಟಿಗೆಯೇ ಇರಲಿಲ್ಲ. ಕ್ರ್ಯಾಂಕಿನ ಶಕ್ತಿ ಕ್ಲಚ್ ಮೂಲಕ ನೇರವಾಗಿ ಚೈನಿಗೆ ಹೋಗುತ್ತಿತ್ತು. ಸ್ವೀಡನ್ನಿನ ಹುಸ್ಕ್‌ವರ್ನಾ ತನ್ನ ಮೊದಲ ಚೈನ್‌ಸಾ ಮಾಡಿದ್ದೂ 1959ರಲ್ಲೇ. ಸಂಗ್ರಹಕಾರರು ವಿಂಟೇಜ್ ಎಂದು ಹುಡುಕಿ ತರುವವು ಬಹುಪಾಲು ಈ ಪೀಳಿಗೆಯವು: 1940ರ ದಶಕದ ಕೊನೆಯಿಂದ 1970ರ ದಶಕದ ಕೊನೆಯವರೆಗಿನ ಯಂತ್ರಗಳು.

ಈ ಅವಧಿಯ ಎರಡು ಬದಲಾವಣೆಗಳು ರಿಪೇರಿ ಮಾಡುವವನಿಗೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದು ಕಾರ್ಬೊರೇಟರ್. ಬೈಕಿನಲ್ಲಿರುವಂತೆ ಫ್ಲೋಟ್ ಇರುವ ಕಾರ್ಬೊರೇಟರ್ ನೆಟ್ಟಗೆ ಇದ್ದರಷ್ಟೇ ಕೆಲಸ ಮಾಡುತ್ತದೆ. ಮರವನ್ನು ಅಡ್ಡಡ್ಡ ಕೊಯ್ಯಲು ಯಂತ್ರವನ್ನು ವಾಲಿಸಿದೊಡನೆ ಪೆಟ್ರೋಲ್ ಉಕ್ಕುತ್ತದೆ ಇಲ್ಲವೇ ನಿಲ್ಲುತ್ತದೆ. ಹಾಗಾಗಿ ಆರಂಭದ ಗರಗಸಗಳಲ್ಲಿ ಎಂಜಿನ್ನನ್ನು ನೆಟ್ಟಗಿರಿಸಿ ಬಾರನ್ನು ಮಾತ್ರ ತಿರುಗಿಸುವ ಏರ್ಪಾಟು ಬೇಕಾಗಿತ್ತು. ಫ್ಲೋಟಿನ ಬದಲು ಡಯಾಫ್ರಮ್ ಇರುವ ಕಾರ್ಬೊರೇಟರ್ ಬಂದ ಮೇಲೆ ಯಂತ್ರವನ್ನು ತಲೆಕೆಳಗು ಹಿಡಿದರೂ ಓಡುವಂತಾಯಿತು. ಟಿಲ್ಲಟ್‌ಸನ್ ಮತ್ತು ವಾಲ್‌ಬ್ರೊ ಈ ಕಾರ್ಬೊರೇಟರುಗಳ ಮುಖ್ಯ ತಯಾರಕರು. ಎರಡನೆಯದು ಚೈನು. ಆರೆಗಾನ್ ರಾಜ್ಯದ ಜೋಸೆಫ್ ಕಾಕ್ಸ್ 1946ರಲ್ಲಿ ಮರ ಕೊರೆಯುವ ದುಂಬಿಯೊಂದರ ಮರಿಹುಳು ತನ್ನ ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಮರವನ್ನು ನಾರಿನ ಜಾಡಿಗೂ ಅಡ್ಡಕ್ಕೂ ಸಮನಾಗಿ ತಿನ್ನುವುದನ್ನು ಗಮನಿಸಿದರು. ಅದನ್ನು ನೋಡಿ ಅವರು ರೂಪಿಸಿದ, ಎಡ ಹಲ್ಲು ಬಲ ಹಲ್ಲು ಸರದಿಯಲ್ಲಿ ಬರುವ ಚಿಪ್ಪರ್ ಚೈನ್ 1947ರಲ್ಲಿ ಮಾರುಕಟ್ಟೆಗೆ ಬಂತು. ಇಂದಿನ ಚೈನುಗಳೂ ಆ ತತ್ವದವೇ.

ಎಂಜಿನ್ ಮಾತ್ರ ಸರಳ ಟೂ ಸ್ಟ್ರೋಕ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಬೈಕನ್ನು ಬಿಚ್ಚಿ ಕೂಡಿಸಿದ ಮೆಕ್ಯಾನಿಕ್ಕಿಗೆ ಇದರ ಒಳಗು ಅಪರಿಚಿತವಲ್ಲ. ಪಿಸ್ಟನ್ ಮೇಲೇರುವಾಗ ಕಾರ್ಬೊರೇಟರಿನಿಂದ ಗಾಳಿ, ಪೆಟ್ರೋಲ್, ಆಯಿಲ್ ಬೆರೆತ ಮಿಶ್ರಣವನ್ನು ಕ್ರ್ಯಾಂಕ್ ಕೋಣೆಗೆ ಎಳೆದುಕೊಳ್ಳುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಪಕ್ಕದ ಹಾದಿಗಳಿಂದ ಪಿಸ್ಟನ್ನಿನ ಮೇಲಕ್ಕೆ ನುಗ್ಗುತ್ತದೆ. ಬೇರಿಂಗಿಗೆ, ಪಿಸ್ಟನ್ನಿಗೆ ಬೇಕಾದ ಎಣ್ಣೆ ಬೇರೆ ಕಡೆಯಿಂದ ಬರುವುದಿಲ್ಲ; ಆ ಮಿಶ್ರಣವೇ ಹೊತ್ತು ತರಬೇಕು. ಆದ್ದರಿಂದ ಕ್ರ್ಯಾಂಕ್ ಕೋಣೆ ಗಾಳಿಯಾಡದಂತೆ ಬಿಗಿಯಾಗಿರಬೇಕು. ಸೀಲಿನ ಸಂದಿನಿಂದಲೋ ಹರಿದ ಪ್ಯಾಕಿಂಗಿನಿಂದಲೋ ಒಂದಿಷ್ಟು ಹೊರಗಾಳಿ ನುಸುಳಿದರೂ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಇಳಿಯುತ್ತದೆ, ಎಣ್ಣೆಯ ಪಾಲೂ ಇಳಿಯುತ್ತದೆ, ಶಾಖ ಏರುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಒರೆದು ಸೀಜ್ ಆಗುತ್ತದೆ. ಸೀಜ್ ಆಗುವ ಮುಂಚಿನ ಕ್ಷಣಗಳಲ್ಲಿ ಯಂತ್ರ ಹಿಂದೆಂದೂ ಇಲ್ಲದಷ್ಟು ಚುರುಕಾಗಿ ಕೂಗುತ್ತದೆ. ಅನುಭವ ಸಾಲದವರು ಅದನ್ನೇ ಒಳ್ಳೆಯ ಟ್ಯೂನಿಂಗ್ ಎಂದು ತಿಳಿಯುವುದರಿಂದ ಎಷ್ಟೋ ಒಳ್ಳೆಯ ಯಂತ್ರಗಳು ನಾಶವಾಗಿವೆ.

ಕೈಗೆ ಬಂದ ಯಂತ್ರಕ್ಕೆ ಮೊದಲ ದಿನವೇ ಪೆಟ್ರೋಲ್ ತುಂಬಿ ಹಗ್ಗ ಎಳೆಯುವ ಆಸೆಯನ್ನು ತಡೆದುಕೊಳ್ಳಬೇಕು. ಮೊದಲು ಸೈಲೆನ್ಸರ್ ಬಿಚ್ಚಿ, ಹೊಗೆ ಹೋಗುವ ಕಿಂಡಿಯಿಂದ ಟಾರ್ಚ್ ಹಾಕಿ ಪಿಸ್ಟನ್ನಿನ ಮೈ ನೋಡಬೇಕು. ತಯಾರಾಗುವಾಗ ಬಿದ್ದ ಅಡ್ಡಗೆರೆಗಳು ಮಸುಕಾಗಿಯಾದರೂ ಕಾಣುತ್ತಿದ್ದರೆ ಒಳ್ಳೆಯ ಸೂಚನೆ. ಉದ್ದುದ್ದ ಗೀರುಗಳಿದ್ದರೆ ಅವು ಯಾವ ಬದಿಗಿವೆ ಎಂಬುದು ಮುಖ್ಯ. ಸೈಲೆನ್ಸರ್ ಬದಿಯಲ್ಲಿ ಗೀರಿದ್ದರೆ ಶಾಖ ಹೆಚ್ಚಾಗಿ, ಎಣ್ಣೆ ಕಡಿಮೆಯಾಗಿ ಆದ ಹಾನಿ. ಕಾರ್ಬೊರೇಟರ್ ಬದಿಯಲ್ಲಿದ್ದರೆ ಏರ್ ಫಿಲ್ಟರ್ ದಾಟಿ ಬಂದ ಧೂಳಿನ ಕೆಲಸ. ಆಮೇಲೆ ಪ್ಲಗ್ ತೂತಿಗೆ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆದು ಕಂಪ್ರೆಶನ್ ಅಳೆಯಬೇಕು. 120ರಿಂದ 150 ಪಿಎಸ್‌ಐ (ಟೈರ್ ಅಂಗಡಿಯವರು ಪೌಂಡ್ ಎನ್ನುವ ಲೆಕ್ಕ) ತೋರಿಸಿದರೆ ನೆಮ್ಮದಿ. 90ಕ್ಕಿಂತ ಕೆಳಗಿದ್ದರೆ ರಿಂಗ್ ಸವೆದಿರಬಹುದು, ಇಲ್ಲವೇ ಇಂಗಾಲದಲ್ಲಿ ಅಂಟಿ ತನ್ನ ತೋಡಿನಲ್ಲೇ ಕಚ್ಚಿಕೊಂಡಿರಬಹುದು. ಬಹಳ ವರ್ಷ ಒಣಗಿ ನಿಂತ ಎಂಜಿನ್ನಿಗೆ ಪ್ಲಗ್ ತೂತಿನಿಂದ ಒಂದೆರಡು ಹನಿ ಟೂ ಸ್ಟ್ರೋಕ್ ಆಯಿಲ್ ಬಿಟ್ಟು ನಿಧಾನವಾಗಿ ತಿರುಗಿಸಿದ ಮೇಲೆ ಅಳೆಯುವುದು ನ್ಯಾಯ.

ಸೀಜ್ ಆದ ಎಲ್ಲ ಸಿಲಿಂಡರೂ ಗುಜರಿಗೆ ಹೋಗಬೇಕಾದದ್ದಲ್ಲ. ಹಲವು ಹಳೆಯ ಚೈನ್‌ಸಾಗಳ ಸಿಲಿಂಡರಿನ ಒಳಮೈಗೆ ಗಟ್ಟಿ ಕ್ರೋಮ್ ಲೇಪವಿದೆ. ಗೀರಿನಂತೆ ಕಾಣುವುದು ಬಹಳ ಸಲ ಆ ಲೇಪದ ಮೇಲೆ ಒರೆಸಿಕೊಂಡ ಪಿಸ್ಟನ್ನಿನ ಅಲ್ಯೂಮಿನಿಯಂ. ಹತ್ತಿ ಸುತ್ತಿದ ಕಡ್ಡಿಯಿಂದ ಕಾಸ್ಟಿಕ್ ಸೋಡಾ ದ್ರಾವಣವನ್ನು ಆ ಜಾಗಕ್ಕೆ ಮಾತ್ರ ಸವರಿದರೆ ಅಲ್ಯೂಮಿನಿಯಂ ನೊರೆಯಾಗಿ ಕರಗುತ್ತದೆ, ಕ್ರೋಮ್ ಹಾಗೆಯೇ ಉಳಿಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಬಳಸಬಾರದು, ಅದು ಕ್ರೋಮನ್ನೂ ಕರಗಿಸುತ್ತದೆ. ಕಿಂಡಿಗಳ ಅಂಚಿನಲ್ಲಿ ಬರಿಯ ಅಲ್ಯೂಮಿನಿಯಂ ಇರುವುದರಿಂದ ಅಲ್ಲಿಗೆ ದ್ರಾವಣ ತಾಗಬಾರದು. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಇಲ್ಲದೆ ಈ ಕೆಲಸಕ್ಕೆ ಇಳಿಯಲೂಬಾರದು. ತೊಳೆದ ಮೇಲೂ ಉಗುರಿಗೆ ಸಿಗುವಷ್ಟು ಆಳದ ಗೀರಿದ್ದರೆ, ಅಥವಾ ಲೇಪವೇ ಎದ್ದು ಹೋಗಿದ್ದರೆ, ಸಿಲಿಂಡರ್ ಬದಲಿಸದೆ ದಾರಿಯಿಲ್ಲ.

ಕಿಡಿಯ ವಿಷಯ ಇನ್ನಷ್ಟು ನೇರ. ಫ್ಲೈವೀಲಿನ ಅಯಸ್ಕಾಂತ ಕಾಯಿಲಿನ ಮುಂದೆ ಹಾದಾಗ ವಿದ್ಯುತ್ ಹುಟ್ಟುತ್ತದೆ. ಸರಿಯಾದ ಕ್ಷಣಕ್ಕೆ ಪಾಯಿಂಟ್ ತೆರೆದುಕೊಂಡಾಗ ಅದು ಸಾವಿರಾರು ವೋಲ್ಟಿಗೆ ಏರಿ ಪ್ಲಗ್ಗಿನ ಸಂದಿನಲ್ಲಿ ಜಿಗಿಯುತ್ತದೆ. ಬ್ಯಾಟರಿ ಇಲ್ಲ, ಕೆಡಲು ಹೆಚ್ಚೇನೂ ಇಲ್ಲ. ಕಿಡಿ ಬರದಿದ್ದರೆ ಮೊದಲು ಸ್ವಿಚ್ಚಿನ ತಂತಿ ಬಿಡಿಸಿ ನೋಡಬೇಕು, ಏಕೆಂದರೆ ಆ ತಂತಿ ಎಲ್ಲೋ ಉಜ್ಜಿ ಯಂತ್ರದ ಲೋಹಕ್ಕೆ ತಾಗಿದ್ದರೂ ಎಂಜಿನ್ ಆಫ್ ಆಗಿಯೇ ಇರುತ್ತದೆ. ಅದಲ್ಲವಾದರೆ ಫ್ಲೈವೀಲ್ ಕೆಳಗಿನ ಪಾಯಿಂಟ್. ವರ್ಷಗಟ್ಟಲೆ ಸುಮ್ಮನಿದ್ದ ಪಾಯಿಂಟಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬು ಕೂತಿದ್ದರೂ ಸಾಕು, ಕರೆಂಟ್ ಹಾಯುವುದಿಲ್ಲ. ಸಣ್ಣ ಅರದಿಂದ ಹಗುರವಾಗಿ ಉಜ್ಜಿ, ಬಿಳಿ ಕಾಗದವನ್ನು ನಡುವೆ ಎಳೆದು ಎಣ್ಣೆಯ ಅಂಶ ತೆಗೆದರೆ ಅರ್ಧಕ್ಕರ್ಧ ಯಂತ್ರಗಳಲ್ಲಿ ಅಲ್ಲೇ ಕಿಡಿ ಹುಟ್ಟುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗ ಅದರ ಸಂದು ಹೆಚ್ಚಿನ ಮಾದರಿಗಳಲ್ಲಿ 0.35ರಿಂದ 0.40 ಮಿ.ಮೀ., ಫ್ಲೈವೀಲಿಗೂ ಕಾಯಿಲಿಗೂ ನಡುವೆ 0.3 ಮಿ.ಮೀ. ಆಸುಪಾಸು. ಈ ಎರಡನೆಯದಕ್ಕೆ ವಿಸಿಟಿಂಗ್ ಕಾರ್ಡನ್ನೇ ನಡುವೆ ಇಟ್ಟು, ಅಯಸ್ಕಾಂತವನ್ನು ಕಾಯಿಲಿಗೆ ಎಳೆಯಗೊಟ್ಟು ಸ್ಕ್ರೂ ಬಿಗಿ ಮಾಡುವುದು ಮೆಕ್ಯಾನಿಕ್ಕುಗಳ ರೂಢಿ. ಪಾಯಿಂಟಿನ ನಡುವೆ ನೀಲಿ ಕಿಡಿ ಜೋರಾಗಿ ಹಾರುತ್ತಿದ್ದು ಪ್ಲಗ್ಗಿನಲ್ಲಿ ಬಡಕಲಾಗಿದ್ದರೆ ಪಾಯಿಂಟಿಗೆ ಜೋಡಿಸಿದ ಕಂಡೆನ್ಸರ್ ಹೋಗಿದೆ. ಬದಲಿ ಪಾಯಿಂಟ್ ಸಿಗದ ಮಾದರಿಗಳಿಗೆ ಪಾಯಿಂಟ್ ಮತ್ತು ಕಂಡೆನ್ಸರ್ ಎರಡರ ಕೆಲಸವನ್ನೂ ಮಾಡುವ ಸಣ್ಣ ಎಲೆಕ್ಟ್ರಾನಿಕ್ ಮಾಡ್ಯೂಲ್ ಜೋಡಿಸಬಹುದು. ಕಿಡಿ ಚೆನ್ನಾಗಿದ್ದೂ ಎಂಜಿನ್ ಹಗ್ಗವನ್ನು ಹಿಂದಕ್ಕೆ ಕಿತ್ತುಕೊಳ್ಳುವಂತೆ ಒದೆಯುತ್ತಿದ್ದರೆ ಫ್ಲೈವೀಲಿನ ಕೀ ತುಂಡಾಗಿ ಟೈಮಿಂಗ್ ಜಾರಿರಬಹುದು.

ಪೆಟ್ರೋಲಿನ ಹಾದಿ ಟ್ಯಾಂಕಿನಲ್ಲಿ ಆರಂಭವಾಗುತ್ತದೆ. ಹಳೆಯ ರಬ್ಬರ್ ಪೈಪ್ ಒಂದೋ ಕಲ್ಲಾಗಿ ಸೀಳಿರುತ್ತದೆ, ಇಲ್ಲವೇ ಕರಗಿ ಕಪ್ಪು ಅಂಟಾಗಿರುತ್ತದೆ. ಪೈಪನ್ನೂ ಅದರ ತುದಿಯ ಫಿಲ್ಟರನ್ನೂ ಪರೀಕ್ಷಿಸುತ್ತ ಕೂರದೆ ಬದಲಿಸಿಬಿಡುವುದೇ ಸರಿ. ಟ್ಯಾಂಕಿಗೆ ಗಾಳಿ ಬಿಡುವ ವಾಲ್ವನ್ನು ಮರೆಯುವವರು ಹೆಚ್ಚು. ಎಕ್ಸ್‌ಎಲ್-12 ಯಂತ್ರದಲ್ಲಿ ಅದು ಬಾತುಕೋಳಿ ಕೊಕ್ಕಿನ ಆಕಾರದ ಪುಟ್ಟ ರಬ್ಬರ್ ತುಂಡು. ಅದು ಅಂಟಿಕೊಂಡರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಎಂಜಿನ್ ಐದು ನಿಮಿಷ ಓಡಿ ನಿಲ್ಲುತ್ತದೆ, ಮುಚ್ಚಳ ಸಡಿಲಿಸಿದರೆ ಮತ್ತೆ ಓಡುತ್ತದೆ. ಕಾರಣ ಗೊತ್ತಿಲ್ಲದವರು ಕಾರ್ಬೊರೇಟರನ್ನು ಹತ್ತು ಸಲ ಬಿಚ್ಚಿರುತ್ತಾರೆ.

ಕಾರ್ಬೊರೇಟರಿನಲ್ಲಿ ಎರಡು ಡಯಾಫ್ರಮ್‌ಗಳಿವೆ. ಒಂದು ಕ್ರ್ಯಾಂಕ್ ಕೋಣೆಯ ಒತ್ತಡದ ಏರಿಳಿತಕ್ಕೆ ಅದುರುತ್ತ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು. ಇನ್ನೊಂದು ಎಂಜಿನ್ ಎಳೆದಷ್ಟೇ ಪೆಟ್ರೋಲ್ ಒಳಬಿಡುವ ಅಳತೆಗಾರ. ಅದು ಒಳಕ್ಕೆ ಬಾಗಿದಾಗ ಪುಟ್ಟ ಲಿವರನ್ನು ಒತ್ತಿ ಸೂಜಿ ವಾಲ್ವ್ ತೆರೆಸುತ್ತದೆ. ಹೊಸ ಡಯಾಫ್ರಮ್ ಬೆರಳಿಗೆ ಮೆತ್ತಗೆ ಬಾಗುತ್ತದೆ. ಹಳೆಯದು ಹಪ್ಪಳದಂತೆ ಸದ್ದು ಮಾಡಿದರೆ ಅದರ ಆಯಸ್ಸು ಮುಗಿದಿದೆ. ಸಮಾಧಾನದ ವಿಷಯವೆಂದರೆ ಯಂತ್ರ ಮಾಡಿದ ಕಂಪನಿ ಮುಚ್ಚಿದ್ದರೂ ಕಾರ್ಬೊರೇಟರ್ ಕಿಟ್ ಸಿಗುತ್ತದೆ: ಟಿಲ್ಲಟ್‌ಸನ್ ಎಚ್‌ಎಲ್, ಎಚ್‌ಎಸ್ ಮತ್ತು ವಾಲ್‌ಬ್ರೊ ಎಸ್‌ಡಿಸಿ ಮಾದರಿಗಳ ಡಯಾಫ್ರಮ್, ಸೂಜಿ, ಪ್ಯಾಕಿಂಗುಗಳನ್ನು ಇಂದಿಗೂ ಮಾರುತ್ತಾರೆ. ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೊ ತೆಗೆದುಕೊಳ್ಳಬೇಕು, ಏಕೆಂದರೆ ಪ್ಯಾಕಿಂಗ್ ಮತ್ತು ಡಯಾಫ್ರಮ್ ಮೇಲುಕೆಳಗಾದರೆ ಕಾರ್ಬೊರೇಟರ್ ಕೆಲಸವನ್ನೇ ಮಾಡದು. ಒಣಗಿದ ಪೆಟ್ರೋಲಿನ ಕಂದು ಅಂಟನ್ನು ಕ್ಲೀನರ್ ಸ್ಪ್ರೇ ಮತ್ತು ಗಾಳಿಯಿಂದ ತೆಗೆಯಬೇಕೇ ಹೊರತು ತಂತಿ ತೂರಿಸಿ ಅಲ್ಲ. ಆ ಸಣ್ಣ ರಂಧ್ರಗಳ ಅಳತೆ ಕೂದಲೆಳೆಯಷ್ಟು ಹೆಚ್ಚಾದರೂ ಮಿಶ್ರಣ ಶಾಶ್ವತವಾಗಿ ಕೆಡುತ್ತದೆ. ಲಿವರಿನ ಎತ್ತರವೂ ಮುಖ್ಯ. ಹಲವು ಮಾದರಿಗಳಲ್ಲಿ ಅದು ಕೋಣೆಯ ತಳಕ್ಕೆ ಸಮನಾಗಿರಬೇಕು. ಎತ್ತರವಾದರೆ ಪೆಟ್ರೋಲ್ ಉಕ್ಕುತ್ತದೆ, ತಗ್ಗಾದರೆ ಎಂಜಿನ್ ಹಸಿದು ನಿಲ್ಲುತ್ತದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಓಡುವ ಟೂ ಸ್ಟ್ರೋಕ್ ಕಳೆ ಕತ್ತರಿಸುವ ಯಂತ್ರಗಳಲ್ಲಿರುವುದೂ ಇದೇ ಬಗೆಯ ಕಾರ್ಬೊರೇಟರ್ ಆದ್ದರಿಂದ ಈ ಕೆಲಸ ಬಲ್ಲವರು ಹಳ್ಳಿಯ ಗ್ಯಾರೇಜುಗಳಲ್ಲೂ ಸಿಗುತ್ತಾರೆ.

ಇಷ್ಟಾದರೂ ಕ್ರ್ಯಾಂಕ್ ಕೋಣೆಯ ಪರೀಕ್ಷೆ ಬಿಡುವಂತಿಲ್ಲ, ಬಿಡಬಾರದು. ಹೊಗೆಯ ಕಿಂಡಿಯನ್ನೂ ಕಾರ್ಬೊರೇಟರ್ ಕೂರುವ ಬಾಯನ್ನೂ ರಬ್ಬರ್ ಹಾಳೆಯಿಟ್ಟು ಮುಚ್ಚಿ, ಕೈಪಂಪಿನಿಂದ ಒಳಗೆ ಸುಮಾರು 7 ಪಿಎಸ್‌ಐ ಒತ್ತಡ ಏರಿಸಬೇಕು. ಮುಳ್ಳು ಇಳಿದರೆ, ಸಾಬೂನು ನೀರು ಸವರಿದಾಗ ಗುಳ್ಳೆ ಏಳುವ ಜಾಗವೇ ಸೋರುವ ಜಾಗ. ಆಮೇಲೆ ಅದೇ ಪಂಪಿನಿಂದ ಗಾಳಿ ಹೊರಕ್ಕೆ ಎಳೆದು ಅಷ್ಟೇ ನಿರ್ವಾತದಲ್ಲೂ ನೋಡಬೇಕು. ಆಯಿಲ್ ಸೀಲಿನ ತುಟಿ ಒಳಗಿನ ಒತ್ತಡಕ್ಕೆ ಶಾಫ್ಟಿನ ಮೇಲೆ ಬಿಗಿಯಾಗಿ ಕೂರುತ್ತದೆ, ಒಳಗೆ ಎಳೆತ ಬಂದಾಗಲೇ ಸಡಿಲವಾಗುವುದು. ಬರಿಯ ಒತ್ತಡದ ಪರೀಕ್ಷೆಯಲ್ಲಿ ಪಾಸಾದ ಸೀಲು ನಿರ್ವಾತದಲ್ಲಿ ಸೋರುವುದುಂಟು. ಹೋಮ್‌ಲೈಟ್, ಮೆಕಲಕ್ ಯಂತ್ರಗಳಲ್ಲಿ ಕಾರ್ಬೊರೇಟರಿನ ಹಿಂದೆ ರೀಡ್ ವಾಲ್ವ್ ಎಂಬ ತೆಳು ಉಕ್ಕಿನ ಎಲೆಗಳಿವೆ. ಅವು ಬಾಗದೆ ಸಪಾಟಾಗಿ ಮುಚ್ಚುತ್ತವೆಯೇ ಎಂದು ಈ ಹಂತದಲ್ಲೇ ನೋಡಿಕೊಳ್ಳಬೇಕು.

ಬಿಚ್ಚುವ ಕೆಲಸದಲ್ಲಿ ಅವಸರ ಸಲ್ಲ. ಮೆಗ್ನೀಸಿಯಂ ಬಾಡಿಯಲ್ಲಿ ಉಕ್ಕಿನ ಬೋಲ್ಟ್ ದಶಕಗಳ ಕಾಲ ಕೂತರೆ ಎರಡೂ ಒಂದಾಗಿ ಕಚ್ಚಿಕೊಳ್ಳುತ್ತವೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ದಿನ ಕಾಯುವುದು, ಹಗುರವಾಗಿ ಬಿಸಿ ಗಾಳಿ ಕೊಡುವುದು, ಒಂದಿಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸುವುದು ಇಲ್ಲಿ ಕೈ ಹಿಡಿಯುವ ಉಪಾಯಗಳು. ಬೆಂಕಿಯ ಜ್ವಾಲೆ ಹಿಡಿಯಬಾರದು. ಗ್ರೈಂಡರ್ ಹಿಡಿಯುವುದು ಇನ್ನೂ ಅಪಾಯ: ಮೆಗ್ನೀಸಿಯಂ ಪುಡಿಗೆ ಕಿಡಿ ತಾಗಿದರೆ ಕಣ್ಣು ಕೋರೈಸುವ ಬೆಂಕಿ ಏಳುತ್ತದೆ, ಅದಕ್ಕೆ ನೀರು ಹಾಕಿದರೆ ಇನ್ನೂ ಭುಗಿಲೇಳುತ್ತದೆ. ಮರೆ (ಥ್ರೆಡ್) ಹೋದ ಬೋಲ್ಟ್ ತೂತಿಗೆ ಉಕ್ಕಿನ ಸುರುಳಿ ಇನ್ಸರ್ಟ್ ಹಾಕಿದರೆ ಮೊದಲಿಗಿಂತ ಗಟ್ಟಿಯಾಗುತ್ತದೆ. ಕ್ಲಚ್ ಹೆಚ್ಚಿನ ಯಂತ್ರಗಳಲ್ಲಿ ಎಡಮರೆಯದು, ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಬಿಚ್ಚುವಾಗ ಪಿಸ್ಟನ್ ತಿರುಗದಂತೆ ಪ್ಲಗ್ ತೂತಿನಿಂದ ಹತ್ತಿಯ ಹಗ್ಗ ತುಂಬುವುದು ಕಬ್ಬಿಣದ ಸರಳು ತೂರಿಸುವುದಕ್ಕಿಂತ ಸುರಕ್ಷಿತ. ಸ್ಟಾರ್ಟರಿನ ಸುರುಳಿ ಸ್ಪ್ರಿಂಗ್ ಹೊರಚಿಮ್ಮಿದರೆ ಮುಖ ಸೀಳಬಲ್ಲದು. ಕನ್ನಡಕ ಹಾಕದೆ ಅದರ ಮುಚ್ಚಳ ತೆಗೆಯಬಾರದು.

ಬಿಡಿಭಾಗಗಳ ಕಥೆ ಕಂಪನಿಯಿಂದ ಕಂಪನಿಗೆ ಬೇರೆ. ಮೆಕಲಕ್ ಕಂಪನಿಯ ಸ್ಥಾಪಕ ರಾಬರ್ಟ್ ಮೆಕಲಕ್ 1968ರಲ್ಲಿ ಲಂಡನ್ ಸೇತುವೆಯನ್ನೇ ಕೊಂಡು, ಕಲ್ಲು ಕಲ್ಲಾಗಿ ಬಿಚ್ಚಿಸಿ, ಅರಿಜೋನಾದಲ್ಲಿ ತಾವು ಕಟ್ಟುತ್ತಿದ್ದ ಲೇಕ್ ಹವಾಸು ಊರಿಗೆ ತಂದು ನಿಲ್ಲಿಸಿದವರು. ಚೈನ್‌ಸಾ ಆ ಕಾಲಕ್ಕೆ ಎಂಥ ಸಂಪತ್ತು ತಂದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ಅಮೆರಿಕನ್ ಕಂಪನಿ 1999ರಲ್ಲಿ ದಿವಾಳಿಯಾಯಿತು. ಹೋಮ್‌ಲೈಟ್ ಹಲವು ಕೈ ಬದಲಿಸಿತು. ಈ ಎರಡರ ಹಳೆಯ ಯಂತ್ರಗಳಿಗೆ ಬಿಡಿಭಾಗ ಬೇಕೆಂದರೆ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಹಳೆಯ ಸರಕು, ಇಲ್ಲವೇ ಕೆಟ್ಟು ನಿಂತ ಇನ್ನೊಂದು ಯಂತ್ರವೇ ಆಸರೆ. ಬೇರಿಂಗಿನ ಮಟ್ಟಿಗೆ ಇಷ್ಟು ಕಷ್ಟವಿಲ್ಲ. ಬಹುಪಾಲು ಬೇರಿಂಗುಗಳ ಮೇಲೆ ಪ್ರಮಾಣಿತ ಸಂಖ್ಯೆ ಇರುತ್ತದೆ, ಯಾವ ಬೇರಿಂಗ್ ಅಂಗಡಿಯಲ್ಲೂ ಹೇಳಿ ತರಬಹುದು. ಸೀಲು ಮತ್ತು ಪಿಸ್ಟನ್ ರಿಂಗನ್ನೂ ಅಳತೆಯ ಮೇಲೆ ಹುಡುಕಬಹುದು. ಬಣ್ಣದ ವಿಷಯದಲ್ಲಿ ಅವಸರದ ಹೊಸ ಪೇಂಟಿಗಿಂತ ಗೀರು ಬಿದ್ದ ಮೂಲ ಬಣ್ಣವೇ ಮೇಲು. ಮಾದರಿಯ ಕಾಲವನ್ನು ಗುರುತಿಸಲು ನೆರವಾಗುವ ಸ್ಟಿಕ್ಕರು, ಅಚ್ಚುಗಳೆಲ್ಲ ಒಮ್ಮೆ ಅಳಿಸಿದರೆ ಮತ್ತೆ ಬರುವುದಿಲ್ಲ.

ಎಂಜಿನ್ ಬಿಗಿಯಾಗಿದೆ, ಕಿಡಿ ಇದೆ ಎಂದಾದ ಮೇಲೆ ಪೆಟ್ರೋಲ್ ಮತ್ತು ಆಯಿಲ್ ಬೆರೆಸುವ ಪ್ರಶ್ನೆ. 1950ರ ದಶಕದ ಯಂತ್ರಗಳ ಮೇಲೆ 16 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಎಂದು ಬರೆದಿರುವುದುಂಟು. ಅದು ಆಗಿನ ಸಾಮಾನ್ಯ ಎಸ್‌ಎಇ 30 ಎಂಜಿನ್ ಆಯಿಲಿನ ಲೆಕ್ಕ, ಅಂದರೆ ಲೀಟರಿಗೆ 60 ಮಿ.ಲೀ.ಗೂ ಹೆಚ್ಚು. ಇಂದಿನ ಒಳ್ಳೆಯ ಟೂ ಸ್ಟ್ರೋಕ್ ಆಯಿಲಿಗೆ ಅಷ್ಟು ಬೇಡ. ಹಾಗೆಂದು ಹೊಸ ಯಂತ್ರಗಳಂತೆ ಲೀಟರಿಗೆ 20 ಮಿ.ಲೀ. ಹಾಕುವುದಕ್ಕಿಂತ, 30ರಿಂದ 40 ಮಿ.ಲೀ. ಹಾಕುವುದು ಹಳೆಯ ಬೇರಿಂಗುಗಳಿಗೆ ಕ್ಷೇಮ. ಇಲ್ಲೊಂದು ಸೂಕ್ಷ್ಮವಿದೆ. ಎಣ್ಣೆ ಹೆಚ್ಚು ಹಾಕಿದಷ್ಟೂ ಅದೇ ರಂಧ್ರದಿಂದ ಹಾಯುವ ಪೆಟ್ರೋಲ್ ಕಡಿಮೆಯಾಗುವುದರಿಂದ, ಪ್ರಮಾಣ ಬದಲಿಸಿದಾಗಲೆಲ್ಲ ಟ್ಯೂನಿಂಗನ್ನೂ ಮತ್ತೆ ನೋಡಬೇಕು. ಎಥನಾಲ್ ಇನ್ನೊಂದು ಚಿಂತೆ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಮೆಗ್ನೀಸಿಯಂ ಟ್ಯಾಂಕಿನ ಒಳಮೈ ತಿನ್ನುತ್ತದೆ. ಅದರಲ್ಲಿ ಆಮ್ಲಜನಕವಿರುವುದರಿಂದ ಮಿಶ್ರಣವನ್ನು ಒಂದಿಷ್ಟು ತೆಳುವಾಗಿಸುತ್ತದೆ ಕೂಡ. ಎಥನಾಲ್ ಇಲ್ಲದ ಪೆಟ್ರೋಲ್ ಸಿಗದ ಕಡೆ, ಬೇಕಾದಷ್ಟೇ ಬೆರೆಸಿ ಅಂದೇ ಖಾಲಿ ಮಾಡುವುದು ರೂಢಿಯಾಗಬೇಕು.

ಇನ್ನು ಟ್ಯೂನಿಂಗ್. ಕಾರ್ಬೊರೇಟರಿನ ಎಲ್ ಸ್ಕ್ರೂ ನಿಧಾನ ವೇಗದ ಪೆಟ್ರೋಲನ್ನು, ಎಚ್ ಸ್ಕ್ರೂ ಪೂರ್ಣ ವೇಗದ ಪೆಟ್ರೋಲನ್ನು ನಿಯಂತ್ರಿಸುತ್ತವೆ; ಮೂರನೆಯದು ಥ್ರಾಟಲ್ ಎಷ್ಟು ತೆರೆದು ನಿಲ್ಲಬೇಕೆಂದು ಹೇಳುವ ಐಡಲ್ ಸ್ಕ್ರೂ. ಎಲ್, ಎಚ್ ಎರಡನ್ನೂ ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಎಡಕ್ಕೆ ತಿರುಗಿಸಿದರೆ ಹೆಚ್ಚು. ಎರಡನ್ನೂ ತಳ ಮುಟ್ಟುವವರೆಗೆ ಬೆರಳ ತುದಿಯ ಬಲದಿಂದಷ್ಟೇ ಬಿಗಿ ಮಾಡಿ (ಜೋರಾಗಿ ಬಿಗಿದರೆ ಸೂಜಿಯ ಮೊನೆ ತನ್ನ ಪೀಠವನ್ನು ಸೀಳುತ್ತದೆ) ಒಂದೊಂದು ಸುತ್ತು ಹಿಂದಕ್ಕೆ ಬಿಡುವುದು ಆರಂಭದ ಅಳತೆ. ಏರ್ ಫಿಲ್ಟರ್ ಶುದ್ಧವಾಗಿರಬೇಕು, ಬಾರ್ ಮತ್ತು ಚೈನ್ ಜೋಡಿಸಿರಬೇಕು, ಎಂಜಿನ್ ಒಂದೆರಡು ತುಂಡು ಸೌದೆ ಕೊಯ್ದು ಪೂರ್ತಿ ಬಿಸಿಯಾಗಿರಬೇಕು. ತಣ್ಣನೆಯ ಎಂಜಿನ್ನಿಗೆ ಮಾಡಿದ ಟ್ಯೂನಿಂಗ್ ಬಿಸಿಯಾದ ಮೇಲೆ ನಿಲ್ಲುವುದಿಲ್ಲ.

ಮೊದಲು ಎಲ್. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಲ್ ಸ್ಕ್ರೂವನ್ನು ಬಲಕ್ಕೆ ತಿರುಗಿಸುತ್ತ ಹೋದರೆ ವೇಗ ಏರಿ, ಒಂದು ಹಂತದಲ್ಲಿ ತಡವರಿಸತೊಡಗುತ್ತದೆ. ಎಡಕ್ಕೆ ತಿರುಗಿಸಿದರೆ ಮತ್ತೆ ಏರಿ, ಆಮೇಲೆ ಹೊಗೆಯಾಡುತ್ತ ಮಂದವಾಗುತ್ತದೆ. ಇವೆರಡರ ನಡುವೆ ವೇಗ ಅತಿ ಹೆಚ್ಚಿರುವ ಬಿಂದುವಿನಿಂದ ಎಡಕ್ಕೆ ಸ್ವಲ್ಪವೇ ಸರಿಸಿ ನಿಲ್ಲಿಸಬೇಕು. ಆಮೇಲೆ ಐಡಲ್ ಸ್ಕ್ರೂ ತಿರುಗಿಸಿ, ಎಂಜಿನ್ ನಿಲ್ಲದೆ ಓಡುತ್ತಿದ್ದರೂ ಚೈನ್ ತಿರುಗದಂತೆ ಮಾಡಬೇಕು. ಈಗ ಥ್ರಾಟಲ್ ಒಮ್ಮೆಲೇ ಒತ್ತಿದರೆ ಎಂಜಿನ್ ತಡವಿಲ್ಲದೆ ಏರಬೇಕು. ಒಂದು ಕ್ಷಣ ಉಸಿರು ಕಟ್ಟಿದಂತಾಗಿ ಆಮೇಲೆ ಏರಿದರೆ ಪೆಟ್ರೋಲ್ ಸಾಲದು; ಕೆಮ್ಮುತ್ತ, ಹೊಗೆ ಉಗುಳುತ್ತ ಏರಿದರೆ ಹೆಚ್ಚಾಗಿದೆ.

ಎಚ್ ಸ್ಕ್ರೂವಿನಲ್ಲೇ ಎಂಜಿನ್ನಿನ ಜೀವ ಮರಣ ಇರುವುದು. ಪೂರ್ಣ ಥ್ರಾಟಲಿನಲ್ಲಿ, ಕೆಲವೇ ಸೆಕೆಂಡು ಮಾತ್ರ, ಎಚ್ ಸ್ಕ್ರೂವನ್ನು ಎಡಕ್ಕೆ ಬಿಡುತ್ತ ಹೋದರೆ ಒಂದು ಹಂತದಲ್ಲಿ ಸದ್ದು ಒಡೆದು ಬಡಬಡಿಸತೊಡಗುತ್ತದೆ. ಪೆಟ್ರೋಲ್ ಹೆಚ್ಚಾಗಿ ಪ್ರತಿ ಸುತ್ತಿಗೂ ಹತ್ತಿಕೊಳ್ಳದೆ ಒಂದು ಬಿಟ್ಟು ಒಂದು ಸುತ್ತಿಗೆ ಹತ್ತಿಕೊಳ್ಳುವ ಸದ್ದು ಅದು. ಫೋರ್ ಸ್ಟ್ರೋಕಿಂಗ್ ಎನ್ನುತ್ತಾರೆ. ಅಲ್ಲಿಂದ ಬಲಕ್ಕೆ ಎಳೆ ಎಳೆಯಾಗಿ ತಿರುಗಿಸಿ, ಬಡಬಡಿಕೆ ಪೂರ್ತಿ ಹೋಗುವ ಮೊದಲೇ ನಿಲ್ಲಿಸಬೇಕು. ಪರೀಕ್ಷೆ ಮರದ ಮೇಲೆ. ಕೊಯ್ಯಲು ಒತ್ತಿದಾಗ ಸದ್ದು ನಯವಾಗಬೇಕು, ಎತ್ತಿದೊಡನೆ ಬಡಬಡಿಕೆ ಮರಳಬೇಕು. ಎತ್ತಿದಾಗಲೂ ಸದ್ದು ನಯವಾಗಿ, ತೀಕ್ಷ್ಣವಾಗಿ ಏರಿದರೆ ಪೆಟ್ರೋಲ್ ಕಡಿಮೆಯಾಗಿದೆ, ತಕ್ಷಣ ಥ್ರಾಟಲ್ ಬಿಡಬೇಕು. ಅತಿ ಹೆಚ್ಚು ವೇಗ ಸಿಗುವ ಬಿಂದುವನ್ನು ಹುಡುಕುವುದು ಟ್ಯೂನಿಂಗ್ ಅಲ್ಲ. ಇಂದಿನ ಚೈನ್‌ಸಾ ನಿಮಿಷಕ್ಕೆ 13,000 ಸುತ್ತು ದಾಟುತ್ತದೆ ಎಂದು ದೊಡ್ಡ ಪಿಸ್ಟನ್ನಿನ ಹಳೆಯ ಯಂತ್ರದಿಂದ ಅದನ್ನು ಬಯಸಬಾರದು. ಅದರ ಬಲ ಇರುವುದು ವೇಗದಲ್ಲಲ್ಲ, ಕೆಳ ವೇಗದ ಎಳೆತದಲ್ಲಿ. ಕೆಲವು ಹಳೆಯ ಕಾರ್ಬೊರೇಟರುಗಳಲ್ಲಿ ಗವರ್ನರ್ ವಾಲ್ವ್ ಕೂಡ ಇದೆ. ವೇಗ ಮಿತಿ ಮೀರಿದಾಗ ಅದು ತಾನಾಗಿ ಹೆಚ್ಚು ಪೆಟ್ರೋಲ್ ಬಿಟ್ಟು ಬಡಬಡಿಕೆ ತರಿಸುತ್ತದೆ. ಅದನ್ನು ಎಚ್ ಸ್ಕ್ರೂವಿನ ದೋಷವೆಂದು ತಿಳಿದು ಬಲಕ್ಕೆ ತಿರುಗಿಸುತ್ತ ಹೋದವರ ಎಂಜಿನ್ ಸೀಜ್ ಆಗುವುದು ಖಂಡಿತ. ಇಂಥ ಯಂತ್ರಗಳನ್ನು ಮರ ಕೊಯ್ಯುವಾಗಿನ ಎಳೆತ ಮತ್ತು ಪ್ಲಗ್ಗಿನ ಬಣ್ಣ ನೋಡಿ ಹದ ಮಾಡಬೇಕು: ಕಂದು ಬಣ್ಣವಿದ್ದರೆ ಸರಿ, ಬಿಳಿಚಿದ್ದರೆ ಪೆಟ್ರೋಲ್ ಕಡಿಮೆ, ಕಪ್ಪಾಗಿ ಒದ್ದೆಯಿದ್ದರೆ ಹೆಚ್ಚು.

ಸ್ಕ್ರೂಗಳ ಮಾತು ಕೇಳದ ಯಂತ್ರವೂ ಇರುತ್ತದೆ. ಥ್ರಾಟಲ್ ಬಿಟ್ಟ ಮೇಲೂ ವೇಗ ಇಳಿಯಲು ತಡಮಾಡುವುದು, ವಾಲಿಸಿದರೆ ಐಡಲ್ ಬದಲಾಗುವುದು, ಬೆಳಿಗ್ಗೆ ಹೊಂದಿಸಿದ್ದು ಮಧ್ಯಾಹ್ನಕ್ಕೆ ತಪ್ಪುವುದು ಎಲ್ಲೋ ಗಾಳಿ ಸೋರುತ್ತಿರುವ ಲಕ್ಷಣಗಳು. ಆಗ ಸ್ಕ್ರೂಡ್ರೈವರ್ ಕೆಳಗಿಟ್ಟು ಮತ್ತೆ ಒತ್ತಡದ ಪರೀಕ್ಷೆಗೇ ಹೋಗಬೇಕು.

ಎಂಜಿನ್ ಎಷ್ಟು ಚೆನ್ನಾಗಿದ್ದರೂ ಚೈನ್ ಮೊಂಡಾಗಿದ್ದರೆ ವ್ಯರ್ಥ. ಹಳೆಯ ಬಾರಿಗೆ ಚೈನ್ ಹುಡುಕುವಾಗ ಎರಡು ಅಳತೆ ಬೇಕು. ಮೊದಲನೆಯದು ಪಿಚ್: ಸಾಲಾಗಿರುವ ಮೂರು ರಿವೆಟ್ಟುಗಳಲ್ಲಿ ಮೊದಲನೆಯದರಿಂದ ಮೂರನೆಯದರವರೆಗಿನ ದೂರದ ಅರ್ಧ. 3/8 ಇಂಚು, 0.404 ಇಂಚು ಇಂದಿಗೂ ಸಿಗುತ್ತವೆ. 1950ರ ದಶಕದ ಅರ್ಧ ಇಂಚಿನ ಪಿಚ್ ಸಿಗುವುದು ಕಷ್ಟ, ಸ್ಪ್ರಾಕೆಟ್ ಮತ್ತು ಬಾರನ್ನೇ ಬದಲಿಸಬೇಕಾಗಬಹುದು. ಎರಡನೆಯದು ಬಾರಿನ ತೋಡಿನ ಅಗಲ. 3/8 ಇಂಚಿನ ಚೈನಿನ ಹಲ್ಲಿಗೆ 5.5 ಮಿ.ಮೀ. ದುಂಡು ಅರ ಹಿಡಿದು, ಸುಮಾರು 30 ಡಿಗ್ರಿ ಕೋನದಲ್ಲಿ, ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿಗೆ ಮಸೆಯಬೇಕು. ಪ್ರತಿ ಹಲ್ಲಿನ ಮುಂದಿರುವ ಗುಬುಟು ಹಲ್ಲಿನ ತುದಿಗಿಂತ 0.65 ಮಿ.ಮೀ. ತಗ್ಗಿನಲ್ಲಿರಬೇಕು. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ನಿರ್ಧರಿಸುವುದು ಅದೇ. ಅದನ್ನು ಅತಿಯಾಗಿ ಇಳಿಸಿದರೆ ಯಂತ್ರ ಮರಕ್ಕೆ ಸಿಕ್ಕಿ ಒದೆಯುತ್ತದೆ. ಹರಿತ ಚೈನಿನಿಂದ ಚಕ್ಕೆ ಬೀಳುತ್ತದೆ, ಮೊಂಡು ಚೈನಿನಿಂದ ಹಿಟ್ಟು. ಎಂಜಿನ್ನಿಗೆ ಎಳೆತವಿಲ್ಲ ಎಂದು ದೂರುವ ಮೊದಲು ನೆಲಕ್ಕೆ ಬಿದ್ದದ್ದನ್ನು ನೋಡಬೇಕು. ಬಾರಿನ ಅಂಚು ಉರುಳಿದ್ದರೆ ಚಪ್ಪಟೆ ಅರದಿಂದ ಸಮ ಮಾಡಿ, ಬಾರನ್ನು ಆಗಾಗ ಮೇಲುಕೆಳಗು ತಿರುಗಿಸಿ ಹಾಕಬೇಕು. ಎಕ್ಸ್‌ಎಲ್-12 ತರಹದ ಯಂತ್ರಗಳಲ್ಲಿ ಚೈನಿಗೆ ಎಣ್ಣೆ ತಾನಾಗಿ ಬರುವುದಿಲ್ಲ. ಕೊಯ್ಯುತ್ತಿರುವಾಗಲೇ ಹೆಬ್ಬೆರಳಿನಿಂದ ಪಂಪಿನ ಗುಂಡಿ ಒತ್ತುತ್ತಿರಬೇಕು.

ಈ ಯಂತ್ರಗಳಲ್ಲಿ ಬಹುಪಾಲನ್ನು ಕಟ್ಟಿದ ಕಾಲಕ್ಕೆ ಕೊಯ್ಯುವವನ ಮೈಗೆ ರಕ್ಷಣೆ ಎಂಬ ಯೋಚನೆ ಇನ್ನೂ ಬೆಳೆದಿರಲಿಲ್ಲ. ಬಾರಿನ ಮೂತಿ ಮರಕ್ಕೆ ತಗುಲಿ ಯಂತ್ರ ಮೇಲಕ್ಕೆ ಚಿಮ್ಮಿದಾಗ ಚೈನನ್ನು ಕ್ಷಣದಲ್ಲಿ ನಿಲ್ಲಿಸುವ ಬ್ರೇಕ್ ಬಂದದ್ದು 1970ರ ದಶಕದಲ್ಲಿ. ಕಂಪನ ತಡೆಯುವ ರಬ್ಬರ್ ಬಫರುಗಳು ವ್ಯಾಪಕವಾದದ್ದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಅವಿಲ್ಲದ ಯಂತ್ರವನ್ನು ದಿನಗಟ್ಟಲೆ ಹಿಡಿದ ಕಾಡುಕೆಲಸಗಾರರ ಬೆರಳುಗಳಿಗೆ ರಕ್ತ ಹರಿಯದೆ, ಚಳಿಯಲ್ಲಿ ಬೆಳ್ಳಗಾಗಿ ಜೋಮು ಹಿಡಿಯುವ ಕಾಯಿಲೆ ಬರುತ್ತಿತ್ತು. ಒಮ್ಮೆ ಬಲಿತರೆ ಅದು ವಾಸಿಯಾಗುವುದಿಲ್ಲ. ಆದ್ದರಿಂದ ರಿಪೇರಿಯಾದ ಹಳೆಯ ಚೈನ್‌ಸಾ ದಿನದ ದುಡಿಮೆಗಲ್ಲ, ಆಗೊಮ್ಮೆ ಈಗೊಮ್ಮೆ ನೆಲದ ಮೇಲೆ ಬಿದ್ದ ದಿಮ್ಮಿ ತುಂಡು ಮಾಡಲು ತಕ್ಕದ್ದು. ಕಾಫಿ ತೋಟದಲ್ಲಿ ಏಣಿಯ ಮೇಲೆ ನಿಂತು ನೆರಳಿನ ಮರದ ಕೊಂಬೆ ಸವರಲು ಅದನ್ನು ಒಯ್ಯಲೇಬಾರದು. ಕಿವಿಗೆ, ಕಣ್ಣಿಗೆ, ಕಾಲಿಗೆ ರಕ್ಷಣೆ, ಒದೆತ ಕಡಿಮೆ ಇರುವ ನಮೂನೆಯ ಚೈನ್, ಎರಡೂ ಕೈಯ ಬಿಗಿ ಹಿಡಿತ, ನೆಲದ ಮೇಲೆ ಕಾಲಿನಿಂದ ಅದುಮಿ ಹಿಡಿದು ಸ್ಟಾರ್ಟ್ ಮಾಡುವ ಅಭ್ಯಾಸ ಕಡ್ಡಾಯ.

ಕೆಲಸ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಪ್ಲಗ್ ತೂತಿನಿಂದ ಕೆಲವು ಹನಿ ಟೂ ಸ್ಟ್ರೋಕ್ ಆಯಿಲ್ ಬಿಟ್ಟು, ಹಗ್ಗವನ್ನು ನಿಧಾನವಾಗಿ ಎಳೆದು, ಪಿಸ್ಟನ್ ಹೊಗೆಯ ಕಿಂಡಿಯನ್ನು ಮುಚ್ಚುವ ಜಾಗದಲ್ಲಿ ನಿಲ್ಲಿಸಿದರೆ ಮಳೆಗಾಲದ ತೇವ ಸಿಲಿಂಡರಿನೊಳಗೆ ಹೋಗುವುದಿಲ್ಲ. ಚೈನನ್ನು ಬಿಚ್ಚಿ ಎಣ್ಣೆಯಲ್ಲಿ ಅದ್ದಿಡಬೇಕು. ಆರು ತಿಂಗಳ ಮೇಲೆ ಮತ್ತೆ ಓಡಿಸುವಾಗ ಮೊದಲು ಪ್ಲಗ್ ತೆಗೆದು ಕಿಡಿ ನೋಡಬೇಕು. ಬಾರದಿದ್ದರೆ ಪಾಯಿಂಟಿನ ಮೇಲೆ ಮತ್ತೆ ಕಿಲುಬು ಕೂತಿರುತ್ತದೆ, ಒಂದು ಬಿಳಿ ಕಾಗದ ಎಳೆದರೆ ಬಹುಪಾಲು ಸಲ ಅದು ಹೋಗುತ್ತದೆ.